1919ರ ವ್ಯಂಗ್ಯಚಿತ್ರದಲ್ಲಿರುವ ‘1940’ ಯುದ್ಧದ ತಾರೀಖಲ್ಲ

ಆಸ್ಟ್ರೇಲಿಯಾದ ವ್ಯಂಗ್ಯಚಿತ್ರಕಾರ ವಿಲ್ ಡೈಸನ್ ಬರೆದ ವ್ಯಂಗ್ಯಚಿತ್ರವೊಂದು ‘ಎರಡನೇ ಮಹಾಯುದ್ಧದ ವರ್ಷವನ್ನು 1919ರಲ್ಲೇ ನುಡಿದ ಚಿತ್ರ’ ಎಂಬ ಒಕ್ಕಣೆಯೊಂದಿಗೆ ಹರಿದಾಡುತ್ತಿದೆ. ಚಿತ್ರ ಅಸಲಿಯೇ. ಲಂಡನ್ನಿನ ‘ಡೈಲಿ ಹೆರಾಲ್ಡ್’ ಪತ್ರಿಕೆ ಅದನ್ನು 1919ರ ಮೇ ತಿಂಗಳಲ್ಲಿ ಅಚ್ಚು ಹಾಕಿತ್ತು. ತಪ್ಪಿರುವುದು ಒಕ್ಕಣೆ.

ಕಂಬದ ಮರೆಯಲ್ಲಿ ಅಳುತ್ತಿರುವ ಬತ್ತಲೆ ಮಗುವಿನ ತಲೆಯ ಮೇಲೆ ‘1940 ಕ್ಲಾಸ್’ ಎಂದಿದೆ. ಇದು ಶಾಲೆಯ ತರಗತಿಯಲ್ಲ, ಯುದ್ಧ ಶುರುವಾಗುವ ವರ್ಷವೂ ಅಲ್ಲ. ಕಡ್ಡಾಯ ಸೈನ್ಯ ಭರ್ತಿಯಿದ್ದ ಫ್ರಾನ್ಸಿನಲ್ಲಿ ಹುಡುಗರಿಗೆ 20 ತುಂಬುವ ವರ್ಷವನ್ನು ಹಿಡಿದು ತಂಡ ಮಾಡುತ್ತಿದ್ದರು, ಅದೇ ‘ಕ್ಲಾಸ್’. 1919ಕ್ಕೆ 20 ಕೂಡಿಸಿ ನೋಡಿ, 1940ರ ಹತ್ತಿರಕ್ಕೆ ಬರುತ್ತೀರಿ. ಲೆಕ್ಕ ಇಷ್ಟೇ, ಜ್ಯೋತಿಷ್ಯವಲ್ಲ. ಅಷ್ಟಕ್ಕೂ ಯುರೋಪಿನಲ್ಲಿ ಯುದ್ಧ ಹತ್ತಿದ್ದು 1939ರ ಸೆಪ್ಟೆಂಬರ್ 1ಕ್ಕೆ.

ಚಿತ್ರದಲ್ಲಿರುವವರು ‘ಸಹಿ ಹಾಕಿ ಹೊರಬರುತ್ತಿರುವ ನಾಯಕರು’ ಎಂಬ ಮಾತೂ ನಿಲ್ಲುವುದಿಲ್ಲ: ಮೊದಲ ಮಹಾಯುದ್ಧದ ನಂತರ ಜರ್ಮನಿಯೊಂದಿಗೆ ಆದ ವರ್ಸೇಲ್ಸ್ ಶಾಂತಿ ಒಪ್ಪಂದಕ್ಕೆ ಸಹಿ ಬಿದ್ದದ್ದು, ಚಿತ್ರ ಅಚ್ಚಾದ ಮೇಲೆ, ಅದೇ ವರ್ಷದ ಜೂನ್ 28ಕ್ಕೆ.

ಅಡಿಬರಹ ಕತ್ತರಿಸಿ ಹಂಚಿದರಂತೂ ಚಿತ್ರದ ಚುಚ್ಚೇ ಹೋಗುತ್ತದೆ. ಅಮೆರಿಕದ ವಿಲ್ಸನ್, ಬ್ರಿಟನ್ನಿನ ಲಾಯ್ಡ್ ಜಾರ್ಜ್, ಇಟಲಿಯ ಒರ್ಲಾಂಡೋ ಜೊತೆ ಹೊರಟ, ‘ಹುಲಿ’ ಎಂಬ ಅಡ್ಡಹೆಸರಿನ ಫ್ರಾನ್ಸಿನ ಪ್ರಧಾನಿ ಕ್ಲೆಮನ್ಸೋ ಅಲ್ಲಿ, ‘ವಿಚಿತ್ರ! ಮಗು ಅಳುವುದು ಕೇಳಿಸಿದ ಹಾಗಿದೆ’ ಎನ್ನುತ್ತಾರೆ. ಶೀರ್ಷಿಕೆಯಲ್ಲಿ ‘ಶಾಂತಿ’ಯ ಪಕ್ಕದಲ್ಲೇ ಇರುವ ಮಾತು, ನಾಳೆ ಫಿರಂಗಿಗೆ ತುತ್ತಾಗುವವರು ಎಂದು. ಆ ತುತ್ತು ಈ ಮಗುವೇ.