ಅಜ್ಜಿಗೆ ರಸ್ತೆ ದಾಟೋದು ಬೇಡವಂತೆ

ಯುಕೆಜಿ ಮಕ್ಕಳಿಗೆ ‘ಕಷ್ಟದಲ್ಲಿರುವವರಿಗೆ ಸಹಾಯ’ ಅನ್ನೋ ಆಟ ಆಡಿಸಲು ಹೊರಟರೆ ಮೊದಲು ಎದುರಾಗುವ ಕೊರತೆಯೇ ಕಷ್ಟದಲ್ಲಿರುವವರದ್ದು. 25 ಮಕ್ಕಳಲ್ಲಿ 15 ಜನ ಡಾಕ್ಟರು, ಆರು ಜನ ಪೊಲೀಸರು, ಮೂವರು ಆಂಬುಲೆನ್ಸ್ ಡ್ರೈವರು. ಉಳಿದವನೊಬ್ಬ ಸ್ವತಃ ಆಂಬುಲೆನ್ಸು. ಬೀಳೋಕೆ ಯಾರೂ ಇಲ್ಲ.

ಬಲವಂತವಾಗಿ ಒಬ್ಬಳನ್ನು ಬೀಳಿಸಿ ನೋಡಿ, ಮರುದಿನ ಗಾಳಿ ತಿರುಗಿರುತ್ತದೆ. ಬಿದ್ದವಳಿಗೆ ಶಾಲು ಹೊದಿಸಿದ್ದು, ನೀರು ಕುಡಿಸಿದ್ದು, ಸುತ್ತ ಕೂತು ‘ತುಂಬಾ ನೋವಾ?’ ಅಂತ ವಿಚಾರಿಸಿದ್ದು ಎಲ್ಲರ ಕಣ್ಣಿಗೂ ಬಿದ್ದಿರುತ್ತದಲ್ಲ, ಇಡೀ ಕ್ಲಾಸು ದಬದಬನೆ ನೆಲಕ್ಕೆ ಬೀಳುತ್ತದೆ. ಈಗ ಎತ್ತೋಕೆ ಯಾರೂ ಇಲ್ಲ. ಹಾಗಾಗಿ ಪಾತ್ರ ಹಂಚುವ ಕೆಲಸ ಟೀಚರ್ ಕೈಯಲ್ಲೇ ಇರಲಿ. ನಾಲ್ಕೈದು ಮಕ್ಕಳ ಗುಂಪು ಮಾಡಿ, ಬೀಳಲು ಒಬ್ಬರು, ನೆರವಿಗೆ ಇಬ್ಬರು, ಉಳಿದವರು ದಾರಿಹೋಕರು. ಪ್ರತಿ ಸುತ್ತಿಗೂ ಪಾತ್ರ ಬದಲಾಗಬೇಕು. ಒಂದು ಸುತ್ತಿಗೆ ಐದು ನಿಮಿಷ ಧಾರಾಳ. ಹತ್ತಾಯಿತೋ, ಗಾಯಾಳು ಎದ್ದು ಸುಸ್ಸೂಗೆ ಹೋಗುತ್ತಾನೆ, ಕೆಲಸವಿಲ್ಲದ ಡಾಕ್ಟರು ಪಕ್ಕದ ಗುಂಪಿನ ರೋಗಿಯ ಕಾಲು ಹಿಡಿದು ಎಳೆದು ತರುತ್ತಾರೆ.

ಸಾಮಾನು ಹೆಚ್ಚೇನೂ ಬೇಡ. ಹಳೇ ಶಾಲು, ಗಾಜು ತೆಗೆದ ಕನ್ನಡಕ, ತರಕಾರಿ ಚೀಲ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ಜೀಬ್ರಾ ಪಟ್ಟೆ. ಚೀಲಕ್ಕೆ ಒಂದು ಕೆಜಿ ಆಲೂಗಡ್ಡೆಯನ್ನಾದರೂ ಹಾಕಿ. ಖಾಲಿ ಚೀಲ ಬೀಸಿಕೊಂಡು ಬರುವ ಅಜ್ಜಿಗೆ ಯಾಕೆ ಸಹಾಯ ಮಾಡಬೇಕು ಅನ್ನೋದು ಐದು ವರ್ಷದವರಿಗೆ ಹೊಳೆಯುವುದಿಲ್ಲ, ನ್ಯಾಯವೇ. ಆಲೂಗಡ್ಡೆ ಬದಲು ಬಿಸ್ಕೆಟ್ ಪೊಟ್ಟಣ ಮಾತ್ರ ಇಡಬಾರದು, ಚೀಲ ರಸ್ತೆ ದಾಟುವುದೇ ಇಲ್ಲ. ಊರುಗೋಲನ್ನು ಯೋಚಿಸಿ ಕೊಡಬೇಕು. ಮರದ ಕೋಲು ಎರಡು ನಿಮಿಷದಲ್ಲಿ ಭೀಮನ ಗದೆ. ಪೇಪರ್ ಸುರುಳಿ ಸುತ್ತಿ ಟೇಪ್ ಅಂಟಿಸಿದ ಕೋಲೂ ಗದೆಯೇ ಆಗುತ್ತದೆ, ಆದರೆ ಯಾರ ಹಣೆಯೂ ಊದುವುದಿಲ್ಲ. ಬ್ಯಾಂಡೇಜ್ ಬಟ್ಟೆ ಒಂದು ಮೊಳ ಮೀರದಿರಲಿ. ಉದ್ದವಿದ್ದರೆ ಮೊಣಕಾಲಿನಲ್ಲಿ ಶುರುವಾದ ಚಿಕಿತ್ಸೆ ಕುತ್ತಿಗೆವರೆಗೂ ಬರುತ್ತದೆ.

ಇನ್ನು ನಿಜವಾದ ರಂಪ ನಡೆಯುವುದು ರಸ್ತೆ ದಾಟಿಸುವಾಗ. ಅಜ್ಜಿ ಶಾಲು ಹೊದ್ದು ಪಟ್ಟೆಯ ಪಕ್ಕ ನಿಂತಿರುತ್ತಾಳೆ. ನೆರವಿನ ಇಬ್ಬರು ಓಡಿಬಂದು ಆ ಕಡೆ ಒಂದು ಕೈ, ಈ ಕಡೆ ಒಂದು ಕೈ ಹಿಡಿದು ಎಳೆದೊಯ್ಯುತ್ತಾರೆ. ಶಾಲು ಒಂದು ದಡದಲ್ಲಿ, ಅಜ್ಜಿ ಇನ್ನೊಂದು ದಡದಲ್ಲಿ. ‘ನಾನು ಬಸ್ಸಿಗೆ ಕಾಯ್ತಿದ್ದೆ ಕಣ್ರೋ!’ ಅಂತ ಅಜ್ಜಿ ಕಿರುಚಿದರೆ ಆಟ ಸರಿಯಾದ ಜಾಗಕ್ಕೆ ಬಂತು ಅಂತಲೇ ಅರ್ಥ. ಈಗ ಕಲಿಸಬೇಕಾದ್ದು ಇಷ್ಟು: ಎದುರಿಗೆ ಬಂದು ನಿಲ್ಲು, ‘ಅಜ್ಜೀ, ಸಹಾಯ ಮಾಡ್ಲಾ?’ ಅಂತ ಕೇಳು, ಉತ್ತರ ಬರೋವರೆಗೆ ಕೈ ಬೆನ್ನ ಹಿಂದೆ. ನಿಲ್ಲೋದೂ ಕೇಳೋದೂ ಅರ್ಧ ದಿನದಲ್ಲಿ ಬರುತ್ತದೆ. ಆ ಕೈ ಬೆನ್ನ ಹಿಂದೆ ಹೋಗಲು ಒಂದು ವಾರ.

ಅಜ್ಜಿಯ ಕಿವಿಯಲ್ಲಿ ಗುಟ್ಟಾಗಿ ಹೇಳಿಕೊಡಿ, ಮೊದಲ ಸಲ ‘ಬೇಡ ಮಗಾ’ ಅನ್ನು ಅಂತ. ಪುಟಾಣಿ ಸಮಾಜಸೇವಕರಿಗೆ ಸಿಡಿಲು ಬಡಿಯುತ್ತದೆ. ಒಬ್ಬ ಅದೇ ಪ್ರಶ್ನೆಯನ್ನು ಇನ್ನೂ ಜೋರಾಗಿ ಕೇಳುತ್ತಾನೆ, ಅಜ್ಜಿಗೆ ಕಿವಿ ಕೇಳಿಸಲಿಲ್ಲವೇನೋ ಅಂತ. ಇನ್ನೊಬ್ಬಳು ನೇರ ದೂರು ತರುತ್ತಾಳೆ, ‘ಮಿಸ್, ಅಜ್ಜಿ ಹೇಳಿದ ಮಾತು ಕೇಳ್ತಿಲ್ಲ!’ ಬೇಡ ಅಂದವರಿಗೆ ‘ಆಯ್ತಜ್ಜಿ’ ಅಂತ ಹೇಳಿ ಪಕ್ಕಕ್ಕೆ ಸರಿಯುವುದನ್ನು ಈ ವಯಸ್ಸಲ್ಲಿ ರೂಢಿ ಮಾಡಿಸಿದರೆ ಆಯ್ತು. ದೊಡ್ಡವರಾದ ಮೇಲೆ ಬರುವುದು ಕಷ್ಟ, ಯಾವ ಮದುವೆ ಮನೆಯ ಪಂಕ್ತಿಯಲ್ಲಿ ಬೇಕಾದರೂ ನೋಡಿ.

ಅಕ್ಟೋಬರ್ 15ರ ಬಿಳಿಕೋಲು ದಿನಕ್ಕೆ ಕಣ್ಣು ಕಾಣದವರಿಗೆ ದಾರಿ ತೋರಿಸುವ ಆಟ ಆಡಿಸುವುದುಂಟು. ಕಣ್ಣಿಗೆ ಬಟ್ಟೆ ಕಟ್ಟಬೇಡಿ. ಅರ್ಧ ಜನ ಹೆದರಿ ಅಳುತ್ತಾರೆ, ಇನ್ನರ್ಧಕ್ಕೆ ಅದು ಕಣ್ಣಾಮುಚ್ಚಾಲೆ. ಕಣ್ಣು ಮುಚ್ಚಿಕೊಂಡರೆ ಸಾಕು, ಕದ್ದು ನೋಡಿದರೂ ಚಿಂತೆಯಿಲ್ಲ. ಕಣ್ಣು ಕಾಣದವರ ಕೋಲನ್ನು ಮುಟ್ಟಬಾರದು, ಕೈ ಹಿಡಿದು ಎಳೆಯಬಾರದು. ಅವರೇ ನಮ್ಮ ಮೊಣಕೈಗಿಂತ ಸ್ವಲ್ಪ ಮೇಲೆ ಹಿಡಿಯುತ್ತಾರೆ, ನಾವು ಅರ್ಧ ಹೆಜ್ಜೆ ಮುಂದೆ ನಡೆಯಬೇಕು, ಮೆಟ್ಟಿಲು ಬಂದರೆ ಹತ್ತೋದೋ ಇಳಿಯೋದೋ ಮೊದಲೇ ಹೇಳಬೇಕು. ಮಕ್ಕಳು ಹೇಳುತ್ತಾರೆ, ಎಡವಿದ ಮೇಲೆ: ‘ಮೆಟ್ಟಿಲಿತ್ತು.’

108ಕ್ಕೆ ಫೋನ್ ಮಾಡುವ ಆಟಕ್ಕೆ ಆಟಿಕೆ ಫೋನೇ ಆಗಬೇಕು. ನಿಜವಾದ ಮೊಬೈಲು ಲಾಕ್ ಆಗಿದ್ದರೂ ತುರ್ತು ಕರೆ ಹೋಗುತ್ತದೆ, ಆಮೇಲೆ ಆ ಕಡೆಯವರಿಗೆ ‘ಸುಮ್ನೆ ಆಟ ಸಾರ್’ ಅಂತ ವಿವರಿಸುವ ಪಾಡು ಬೇಡ. ಏನಾಯ್ತು ಅಂತ ಕೇಳಿದರೆ ಮಕ್ಕಳು ಚೆನ್ನಾಗಿಯೇ ಹೇಳುತ್ತಾರೆ. ಎಲ್ಲಿ ಅಂತ ಕೇಳಿದರೆ ಮಾತ್ರ ‘ಇಲ್ಲೇ’. ಇಲ್ಲೇ ಅಂದ್ರೆ? ‘ಅಜ್ಜಿ ಬಿದ್ದಿದಾರಲ್ಲ, ಅಲ್ಲೇ.’ ಅದಕ್ಕೇ ಪ್ರತಿ ಮಗುವಿಗೂ ತನ್ನ ಬೀದಿಯ ಹೆಸರು ಮತ್ತು ಹತ್ತಿರದ ಒಂದು ಗುರುತು, ಗಣೇಶನ ಗುಡಿಯೋ ಹಾಲಿನ ಬೂತೋ, ಬಾಯಿಪಾಠ ಆಗಿರಬೇಕು. ಆಟದಾಚೆ, ನಿಜವಾಗಿ ಬಿದ್ದವರನ್ನು ಎತ್ತೋದು ಮಕ್ಕಳ ಕೆಲಸವಲ್ಲ, ರಸ್ತೆಗಿಳಿಯೋದಂತೂ ಅಲ್ಲವೇ ಅಲ್ಲ. ದೊಡ್ಡವರನ್ನು ಕೂಗಿ ಕರೆಯಬೇಕು ಅಷ್ಟೆ, ಗಂಟಲಿನ ವಿಷಯದಲ್ಲಿ ಅವರಿಗೆ ತರಬೇತಿ ಬೇಕಿಲ್ಲ. ತಮಾಷೆ ಬದಿಗಿಟ್ಟು ಒಂದು ಸುತ್ತು ಬೇರೆಯಾಗಿಯೇ ಆಡಿಸಿ: ಗುರುತಿಲ್ಲದ ದೊಡ್ಡವರು ‘ನಾಯಿಮರಿ ಕಳೆದುಹೋಗಿದೆ, ಹುಡುಕಿಕೊಡ್ತೀಯಾ’ ಅಂದರೆ ಜೊತೆಗೆ ಹೋಗಬಾರದು. ದೊಡ್ಡವರಿಗೆ ಸಹಾಯ ಬೇಕಿದ್ದರೆ ದೊಡ್ಡವರನ್ನು ಕೇಳುತ್ತಾರೆ.

ಕೊನೆಗೆ ಚಾಕೊಲೇಟ್ ಹಂಚುವ ಆಸೆ ಎಲ್ಲ ಟೀಚರುಗಳಿಗೂ ಬರುತ್ತದೆ. ಬೇಡ. ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಸೆಲ್ಲೊ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಒಂದೂವರೆ ವರ್ಷದ 24 ಮಕ್ಕಳ ಮುಂದೆ ವಸ್ತು ಬೀಳಿಸಿ, ಎಟುಕದವರ ಹಾಗೆ ಕೈಚಾಚಿ, ಹೀಗೆ ಬಗೆಬಗೆಯಾಗಿ ಪೇಚಾಡಿ ನೋಡಿದರು. 22 ಮಕ್ಕಳು ಯಾರೂ ಹೇಳದೆ ಒಮ್ಮೆಯಾದರೂ ನೆರವಿಗೆ ಬಂದರು. 2008ರ ಇನ್ನೊಂದು ಪ್ರಯೋಗದಲ್ಲಿ, ಬಹುಮಾನ ಪಡೆದ 20 ತಿಂಗಳ ಮಕ್ಕಳು ಆಮೇಲೆ ನೆರವಾಗುವುದನ್ನು ಕಮ್ಮಿ ಮಾಡಿದರು. ನಮ್ಮ ಯುಕೆಜಿಯವರು ಇನ್ನೂ ಮುಂದೆ ಹೋಗುತ್ತಾರೆ. ಎತ್ತಿದ್ದಕ್ಕೆ ಚಾಕೊಲೇಟ್ ಅಂತ ಗೊತ್ತಾದ ಹುಡುಗ ಮೊದಲು ಪಕ್ಕದವನನ್ನು ತಳ್ಳುತ್ತಾನೆ, ಆಮೇಲೆ ಎತ್ತುತ್ತಾನೆ.

ಆಟ ಶುರುಮಾಡುವ ಹಿಂದಿನ ದಿನ ಡೈರಿಯಲ್ಲಿ ಪೋಷಕರಿಗೆ ಎರಡು ಸಾಲು ಬರೆದು ಕಳಿಸಿ. ಈ ವಾರ ಮನೆಯ ತಾತ ಎದ್ದಾಗಲೆಲ್ಲ ‘ಸಹಾಯ ಮಾಡ್ಲಾ?’ ಅಂತ ಬಚ್ಚಲುಮನೆ ಬಾಗಿಲವರೆಗೂ ಹಿಂಬಾಲಿಸುವುದುಂಟು, ಗದರಬೇಡಿ. ಡಬ್ಬಿಯಲ್ಲಿ ಎರಡು ಇಡ್ಲಿ ಜಾಸ್ತಿ ಇಡಿ. ಮಗು ಕರ್ಣನಾಗಿ ಹಸಿದು ಬಂದರೆ ವ್ಯಾನಿನಲ್ಲಿ ರಗಳೆ.