ಹಳೆಯ ಗ್ರಾಮಾಫೋನ್ ಪ್ಲೇಟುಗಳ ಹಾಡನ್ನು ಕಂಪ್ಯೂಟರಿಗೆ ಇಳಿಸಬೇಕೇ?

ಪರ: ಮುಂದಿನ ಮಳೆಗಾಲಕ್ಕೆ ಮೊದಲೇ ಇಳಿಸಿ

ಕಾಸರಗೋಡಿನ ಮಳೆ ಗೊತ್ತಲ್ವಾ? ಜೂನ್‌ನಲ್ಲಿ ಹಿಡಿದರೆ ಅಟ್ಟದಲ್ಲಿಟ್ಟ ಯಾವುದೂ ಒಣಗಿರುವುದಿಲ್ಲ. ಪ್ಲೇಟಿನ ಕಾಗದದ ಕವರು ತೇವ ಹೀರುತ್ತದೆ. ಅಲ್ಲಿಂದ ಬೂಷ್ಟು ಹಾಡು ತುಂಬಿದ ಗೆರೆಗಳಿಗೆ ಇಳಿಯುತ್ತದೆ. ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯ ಹಳೆಯ ಮನೆಗಳಲ್ಲಿ ನಾಟಕದ ಹಾಡು, ದೇವರನಾಮದ ಪ್ಲೇಟುಗಳು ಇನ್ನೂ ಇವೆ. ಕೊಂಡು ತಂದವರು ಈಗಿಲ್ಲ. 1956ರಲ್ಲಿ ನಾವು ಕೇರಳಕ್ಕೆ ಸೇರಿದ ಮೇಲೆ ಕಚೇರಿಯಲ್ಲಿ, ಅಂಗಡಿ ಬೋರ್ಡಿನಲ್ಲಿ ಕನ್ನಡ ಕಡಿಮೆಯಾಗುತ್ತಾ ಬಂತು. ಮನೆಯೊಳಗಿನ ಕನ್ನಡದ ದನಿಯನ್ನೂ ಬೂಷ್ಟಿಗೆ ಬಿಡಬೇಕಾ?

78ರ ಪ್ಲೇಟುಗಳು, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವವು, ಅರಗು ಬೆರೆಸಿ ಮಾಡಿದವು. ಕೈ ಜಾರಿದರೆ ಚೂರು. ಹತ್ತು ಇಂಚಿನ ಪ್ಲೇಟಿನ ಒಂದು ಮೈಯಲ್ಲಿ ಸುಮಾರು 3 ನಿಮಿಷದ ಹಾಡು. ಸೂಜಿ ಓಡಿದಷ್ಟೂ ಗೆರೆ ಸವೆಯುತ್ತದೆ. ಒಂದು ಸಲ ಇಳಿಸಿಟ್ಟರೆ ಎಷ್ಟು ಸಲ ಕೇಳಿದರೂ ಪ್ಲೇಟಿಗೆ ಪೆಟ್ಟಿಲ್ಲ.

ಕೆಲಸ ಕಷ್ಟದ್ದಲ್ಲ. ಸೂಜಿಯ ಕಡೆಯಿಂದ ಬರುವುದು ಕೆಲವೇ ಮಿಲಿವೋಲ್ಟ್. ಹಾಗಾಗಿ ನಡುವೆ ಅದನ್ನು ದೊಡ್ಡದು ಮಾಡುವ ಫೋನೋ ಪ್ರಿಆಂಪ್ ಎಂಬ ಪೆಟ್ಟಿಗೆ ಬೇಕು. ಅದರಿಂದ ಕಂಪ್ಯೂಟರಿನ ಲೈನ್-ಇನ್ ಎಂಬ ತೂತಿಗೆ ವೈರು ಕೊಡಿ, ಮೈಕಿನ ತೂತಿಗೆ ಬೇಡ. ಸದ್ದು ದಾಖಲಿಸುವ ಆಡಾಸಿಟಿ ಎಂಬ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಪ್ಲೇಟು ತಿರುಗಿಸುವ ನಿಮ್ಮ ಟರ್ನ್‌ಟೇಬಲ್‌ನಲ್ಲಿ 78ರ ವೇಗ ಇಲ್ಲವೇ? 45ರಲ್ಲಿ ಓಡಿಸಿ ದಾಖಲಿಸಿ, ಆಮೇಲೆ ಆಡಾಸಿಟಿಯಲ್ಲೇ ವೇಗ ಸರಿಮಾಡಿ. ಸೂಜಿ ಮಾತ್ರ 78ರದ್ದೇ ಬೇಕು. 78ರ ಪ್ಲೇಟಿನ ಗೆರೆ, ನಿಧಾನ ತಿರುಗಿ ಹೆಚ್ಚು ಹೊತ್ತು ಹಾಡುವ ಎಲ್‌ಪಿ ಪ್ಲೇಟಿನದಕ್ಕಿಂತ ಅಗಲ. ಅರಗಿನ ಪ್ಲೇಟಿಗೆ ಸ್ಪಿರಿಟ್ ಮುಟ್ಟಿಸಲೇಬೇಡಿ, ಅರಗು ಕರಗುತ್ತದೆ. ದಾಖಲಿಸಿದ್ದನ್ನು ಸದ್ದು ಕುಗ್ಗಿಸದ ವೇವ್ ಫೈಲಾಗಿ ಇಡಿ. ಸೀಡಿಯ ಗುಣಮಟ್ಟದಲ್ಲಿ ನಿಮಿಷಕ್ಕೆ ಸುಮಾರು 10 ಎಂಬಿ, ಇವತ್ತಿನ ಡಿಸ್ಕಿಗೆ ಅದೇನು ಲೆಕ್ಕ?

ಪ್ಲೇಟಿನ ಸದ್ದಿನ ಸುಖವೇ ಬೇರೆ ಎನ್ನುವವರಿದ್ದಾರೆ. ಅವರು ಕೊನೆಗೆ ಪ್ಲೇಟು ಹಾಕಿದ್ದು ಯಾವಾಗ, ಕೇಳಿ ನೋಡಿ. ಎಲ್ಲವೂ ಯೂಟ್ಯೂಬಿನಲ್ಲಿದೆ ಎನ್ನುವವರೂ ಇದ್ದಾರೆ. ಯಾರೋ ಒಬ್ಬರು ಕೂತು ಇಳಿಸಿದ್ದರಿಂದ ಅಲ್ಲಿಗೆ ಬಂತು. ನಿಮ್ಮ ಅಟ್ಟದಲ್ಲಿರುವುದನ್ನು ನೀವೇ ಇಳಿಸಬೇಕು. ಮಳೆ ಕಾಯುವುದಿಲ್ಲ.

ವಿರೋಧ: ಪ್ಲೇಟು ಪ್ಲೇಟಾಗಿಯೇ ಇರಲಿ

ವಿರೋಧಕ್ಕೆ ಬರೆಯಿರಿ ಎಂದು ನನಗೆ ಹೇಳಿದ್ದಾರೆ. ಇಳಿಸುವುದೇ ತಪ್ಪು ಎಂದು ನಾನು ಹೇಳಲಾರೆ. ಆದರೆ ಅವಸರ ಬೇಡ. 40 ನಿಮಿಷದ ಎಲ್‌ಪಿಗೆ 40 ನಿಮಿಷ ಕೂರಲೇಬೇಕು, ಹಾಡು ಕತ್ತರಿಸಿ ಹೆಸರು ಹಾಕುವ ಕೆಲಸ ಬೇರೆ. ಚರಪರ ಸದ್ದು ತೆಗೆಯುತ್ತೇವೆಂದು ಜಾಸ್ತಿ ಉಜ್ಜಿದರೆ ಹಾಡುವವರ ದನಿಯೂ ಸವೆದುಹೋಗುತ್ತದೆ. ಬೂಷ್ಟಿನ ಭಯವಿದ್ದರೆ ಅಟ್ಟದಿಂದ ಇಳಿಸಿ, ಕಪಾಟಿನಲ್ಲಿ ನೆಟ್ಟಗೆ ನಿಲ್ಲಿಸಿ. ಅಷ್ಟಕ್ಕೆ ಕಂಪ್ಯೂಟರ್ ಯಾಕೆ?

ನೀರ್ಚಾಲಿನಲ್ಲಿ ನಮ್ಮ ಸೋದರಮಾವನ ಮನೆ. ಸಂಜೆ ತೋಟದಿಂದ ಬಂದು ಮಿಂದು, ಮಾವ ಚಾವಡಿಯಲ್ಲಿ ಗ್ರಾಮಾಫೋನ್ ಪೆಟ್ಟಿಗೆ ತೆರೆಯುತ್ತಿದ್ದರು. ಕೀಲಿ ತಿರುಗಿಸುವುದು ಮಕ್ಕಳ ಪಾಲು, ಅದಕ್ಕೆ ನಮ್ಮೊಳಗೆ ಜಗಳ. ಒಂದು ಮೈ ಮುಗಿದರೆ ಮಾವ ಉಕ್ಕಿನ ಸೂಜಿ ಬದಲಿಸುತ್ತಿದ್ದರು. ಅಷ್ಟು ಹೊತ್ತು ಯಾರೂ ಏಳುತ್ತಿರಲಿಲ್ಲ. ಪಕ್ಕದ ಮನೆಯವರು ಅಂಗಳದ ಜಗಲಿಯಲ್ಲಿ ಕೂತು ಕೇಳುತ್ತಿದ್ದರು. ಅತ್ತೆ ಒಳಗಿಂದಲೇ, “ಆ ದೇವರನಾಮ ಇನ್ನೊಮ್ಮೆ ಹಾಕಿ” ಎನ್ನುತ್ತಿದ್ದರು.

ಭಾವ ಬೆಂಗಳೂರಿನಿಂದ ರಜೆಗೆ ಬಂದವರು ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿದರು. ಚೆನ್ನಾಗಿಯೇ ಇಳಿಸಿದ್ದರು. ಆಮೇಲೆ ಪ್ಲೇಟು ಯಾಕೆ ಎಂದು ಎಲ್ಲವೂ ಗುಜರಿಗೆ ಹೋದವು. ಪೆಟ್ಟಿಗೆ ಮಾತ್ರ ಚಂದಕ್ಕೆ ಇರಲಿ ಎಂದು ಉಳಿಯಿತು. ಹಾಡುಗಳಿದ್ದ ಹಾರ್ಡ್ ಡಿಸ್ಕ್ ಒಂದು ದಿನ ತೆರೆಯಲೇ ಇಲ್ಲ. ಇನ್ನೊಂದು ಪ್ರತಿ ಇರಲಿಲ್ಲ. ಹಾಡು ಪ್ಲೇಟಿನಲ್ಲೂ ಇಲ್ಲ, ಫೈಲಿನಲ್ಲೂ ಇಲ್ಲ. ಪ್ಲೇಟಿನಲ್ಲಿ ಗೀರು ಬಿದ್ದರೆ ಒಂದು ಸಾಲು ಹೋಗುತ್ತದೆ, ಉಳಿದದ್ದು ಕೇಳಿಸುತ್ತದೆ. ಇಲ್ಲಿ ಇಡೀ ಮನೆಯ ಹಾಡು ಒಮ್ಮೆಗೇ ಹೋಯಿತು. ನನಗೆ ಇವತ್ತಿಗೂ ಅದು ಸಹಿಸುವುದಿಲ್ಲ.

ಅತ್ತೆ ಕೇಳುತ್ತಿದ್ದ ಆ ದೇವರನಾಮದ ಪ್ಲೇಟು ಕುಂಬಳೆಯ ಒಂದು ಮನೆಯಲ್ಲಿದೆ ಎಂದು ಈಚೆಗೆ ಗೊತ್ತಾಯಿತು. ಅವರ ಹತ್ತಿರ ಪ್ಲೇಟು ಇದೆ, ಹಾಕಲು ಪೆಟ್ಟಿಗೆ ಇಲ್ಲ. ಅಡಿಕೆ ಕೊಯ್ಲು ಮುಗಿದ ಮೇಲೆ ಮಾವನನ್ನೂ ಪೆಟ್ಟಿಗೆಯನ್ನೂ ಜೀಪಿನಲ್ಲಿ ಅಲ್ಲಿಗೆ ಕರೆದೊಯ್ಯುವುದೆಂದು ಮಾತಾಗಿದೆ.