ಅರ್ಧ ನಿಮಿಷದ ವಿಡಿಯೊ ಮತ್ತು ಹಾಳಾದ ಊಟದ ಹೊತ್ತು

ಮೂರು ವಾರಗಳಿಂದ ನನ್ನ ಮಧ್ಯಾಹ್ನದ ಊಟದ ಹೊತ್ತನ್ನು ಅರ್ಧ ನಿಮಿಷದ ಒಂದು ವಿಡಿಯೊ ತುಣುಕು ನುಂಗಿಹಾಕುತ್ತಿದೆ. ನನಗಿಂತ ವಯಸ್ಸಿನಲ್ಲಿ ಹಿರಿಯರಾದ ಸಹೋದ್ಯೋಗಿಯೊಬ್ಬರು ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ ಮೊಬೈಲನ್ನು ನೀರಿನ ಲೋಟಕ್ಕೆ ಒರಗಿಸಿ ನಿಲ್ಲಿಸುತ್ತಾರೆ. ರಾಕೆಟ್ಟಿನ ಮೈಗೆ ಕಟ್ಟಿದ ಕ್ಯಾಮೆರಾದಲ್ಲಿ ನೆಲ, ಆಕಾಶ, ಸೂರ್ಯ ಎಲ್ಲವೂ ಗಿರಗಿರನೆ ಸುತ್ತುತ್ತಿರುತ್ತವೆ. ಇದ್ದಕ್ಕಿದ್ದಂತೆ ಆ ಸುತ್ತು ನಿಂತು ಚಿತ್ರ ಸ್ತಬ್ಧವಾಗುತ್ತದೆ. ಸರಿಯಾಗಿ ಆ ಕ್ಷಣಕ್ಕೆ ಪರದೆಯ ಮೇಲೆ ಬೆರಳೊತ್ತಿ, "ನೋಡಿದಿರಾ? ಮೇಲೇನೋ ತಡೆ ಇದೆ, ಅದಕ್ಕೆ ಬಡಿದು ನಿಂತಿತು. ಇದನ್ನೇ ದಾಟಲಾಗದಿದ್ದರೆ ಚಂದ್ರನ ಮೇಲೆ ಇಳಿದದ್ದು ಹೇಗೆ ಸ್ವಾಮಿ?" ಎಂದು ಕೇಳುತ್ತಾರೆ.

ಅದು 2014ರ ಜುಲೈನಲ್ಲಿ ಅಮೆರಿಕದ ನೆವಾಡಾದ ಬ್ಲ್ಯಾಕ್ ರಾಕ್ ಮರುಭೂಮಿಯಿಂದ ಹವ್ಯಾಸಿಗಳ ತಂಡವೊಂದು ಹಾರಿಸಿದ 'ಗೋಫಾಸ್ಟ್' ರಾಕೆಟ್ಟಿನ ವಿಡಿಯೊ. ಅದು ಸುಮಾರು 117 ಕಿಲೋಮೀಟರ್ ಎತ್ತರ ಮುಟ್ಟಿತು. ಬಾಹ್ಯಾಕಾಶದ ಗಡಿಯೆಂದು ರೂಢಿಯಲ್ಲಿರುವ 100 ಕಿಲೋಮೀಟರನ್ನು ಇದೇ ತಂಡ 2004ರಲ್ಲಿಯೇ ದಾಟಿತ್ತು. ಇಂಥ ರಾಕೆಟ್ಟುಗಳಿಗೆ ಬೇಕೆಂದೇ ಗಿರಕಿ ಹೊಡೆಸುತ್ತಾರೆ. ನೂಕುಬಲ ಕೊಂಚ ಓರೆಯಾಗಿದ್ದರೂ ತಿರುಗುತ್ತಿರುವಾಗ ಆ ಓರೆ ಎಲ್ಲ ದಿಕ್ಕಿಗೂ ಹಂಚಿಹೋಗಿ ರಾಕೆಟ್ ನೆಟ್ಟಗೆ ಏರುತ್ತದೆ. ಇಂಧನ ಉರಿದು ಮುಗಿದ ಮೇಲೆ ಗಿರಕಿಯ ಅಗತ್ಯವಿರುವುದಿಲ್ಲವಾದ್ದರಿಂದ, ಬುಗುರಿಗೆ ಚಾಟಿ ಸುತ್ತಿದಂತೆ ರಾಕೆಟ್ಟಿನ ಮೈಗೆ ಸುತ್ತಿಟ್ಟ ಎಳೆಗಳನ್ನು, ಅವುಗಳ ತುದಿಯಲ್ಲಿರುವ ತೂಕದ ಗುಂಡುಗಳ ಸಮೇತ ಬಿಟ್ಟುಬಿಡುತ್ತಾರೆ. ಗುಂಡುಗಳು ಎಳೆಯನ್ನು ಬಿಚ್ಚಿಕೊಂಡು ದೂರ ಚಿಮ್ಮುತ್ತ ತಿರುಗುವಿಕೆಯನ್ನೆಲ್ಲ ತಮ್ಮೊಂದಿಗೆ ಹೊತ್ತುಕೊಂಡು ಹೋಗುತ್ತವೆ, ರಾಕೆಟ್ಟಿನ ಗಿರಕಿ ಕಣ್ಣು ಮಿಟುಕಿಸುವಷ್ಟರಲ್ಲಿ ನಿಲ್ಲುತ್ತದೆ. ಇದಕ್ಕೆ ಯೋ-ಯೋ ವಿಧಾನವೆನ್ನುತ್ತಾರೆ. 1950ರ ದಶಕದ ಕೊನೆಯಿಂದಲೂ ಬಾಹ್ಯಾಕಾಶ ನೌಕೆಗಳಲ್ಲಿ ಇದು ಬಳಕೆಯಲ್ಲಿದೆ. ನಿಂತದ್ದು ಗಿರಕಿ ಮಾತ್ರ; ರಾಕೆಟ್ ತನ್ನ ಪಾಡಿಗೆ ಏರುತ್ತಲೇ ಇತ್ತು. ಆ ವೇಗದಲ್ಲಿ ನಿಜವಾಗಿಯೂ ಏನಕ್ಕಾದರೂ ಬಡಿದಿದ್ದರೆ ಮೂತಿ ಜಜ್ಜಿಹೋಗುತ್ತಿತ್ತೇ ಹೊರತು, ಕ್ಯಾಮೆರಾ ಅಷ್ಟು ನೆಮ್ಮದಿಯಾಗಿ ಭೂಮಿಯನ್ನು ಚಿತ್ರಿಸುತ್ತ ಕೂರುತ್ತಿರಲಿಲ್ಲ.

ಇದನ್ನು ಬಾಯಲ್ಲಿ ಹೇಳಿ ಸೋತ ಮೇಲೆ ಒಂದು ದಿನ ಅವರನ್ನೇ ಚಕ್ರದ ಕುರ್ಚಿಯಲ್ಲಿ ಕೂರಿಸಿ, ತುಂಬಿದ ಎರಡು ನೀರಿನ ಬಾಟಲಿಗಳನ್ನು ಎದೆಗೆ ಅವುಚಿಕೊಳ್ಳಲು ಹೇಳಿ ಜೋರಾಗಿ ತಿರುಗಿಸಿದೆ. ನಂತರ ಕೈ ಚಾಚಲು ಹೇಳಿದಾಗ ಕುರ್ಚಿಯ ವೇಗ ಅರ್ಧಕ್ಕರ್ಧ ಕುಸಿಯಿತು. ಪಕ್ಕದ ಮೇಜಿನವರು ಚಪ್ಪಾಳೆ ತಟ್ಟಿದರು. ಬಾಟಲಿಗಳನ್ನು ಕೈಬಿಡದೆಯೇ ಇಷ್ಟಾಗುವುದಾದರೆ, ಉದ್ದನೆಯ ಎಳೆಯ ತುದಿಯಿಂದ ತೂಕವನ್ನು ಕಳಚಿಬಿಟ್ಟರೆ ಪೂರ್ತಿ ನಿಲ್ಲುವುದರಲ್ಲಿ ಆಶ್ಚರ್ಯವೇನಿದೆ ಎಂದು ಕೇಳಿದೆ. ಅವರು ಕುರ್ಚಿಯಿಂದ ಎದ್ದು, ಕನ್ನಡಕ ಸರಿಪಡಿಸಿಕೊಂಡು, "ಅದು ಕುರ್ಚಿ ಕಣ್ರೀ, ಇದು ರಾಕೆಟ್" ಎಂದರು. ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವುದನ್ನು ನಾನು ಅಲ್ಲಿಯವರೆಗೆ ಬರಿಯ ಗಾದೆಯೆಂದು ತಿಳಿದಿದ್ದೆ.

ಒಬ್ಬರಿಗೆ ಭೌತಶಾಸ್ತ್ರ ತಿಳಿಯದೆ ಇರುವುದರ ಬಗ್ಗೆ ನನಗೆ ಸಿಟ್ಟಿಲ್ಲ. ಯೋ-ಯೋ ವಿಧಾನವನ್ನು ನಾನೂ ಓದಿಯೇ ತಿಳಿದುಕೊಂಡವನು. ನನ್ನ ಹೊಟ್ಟೆ ಉರಿಯುವುದು ಅವರ ನಂಬಿಕೆಯ ಲೆಕ್ಕಾಚಾರಕ್ಕೆ. ಈ ವಿಡಿಯೊ ಏಕೆ ನಂಬಲರ್ಹವೆಂದರೆ ಇದನ್ನು ತೆಗೆದವರು ಸರ್ಕಾರದವರಲ್ಲ, ಸ್ವಂತ ದುಡ್ಡು ಸುರಿದು ರಾಕೆಟ್ ಕಟ್ಟಿದ ಹವ್ಯಾಸಿಗಳು ಎನ್ನುತ್ತಾರೆ. ಆದರೆ ಅದೇ ಹವ್ಯಾಸಿಗಳು ತಾವು ಬಾಹ್ಯಾಕಾಶ ಮುಟ್ಟಿದೆವು, ಗಿರಕಿ ನಿಲ್ಲಿಸುವ ಸಾಧನವನ್ನು ತಾವೇ ಜೋಡಿಸಿದ್ದೆವು ಎಂದು ಹೇಳಿದರೆ ಆ ಮಾತು ಮಾತ್ರ ಇವರಿಗೆ ಸುಳ್ಳು. ಅಂದರೆ ಅವರ ಕ್ಯಾಮೆರಾ ಸತ್ಯವಂತ, ಆ ಕ್ಯಾಮೆರಾವನ್ನು ಸ್ಕ್ರೂ ಹಾಕಿ ಬಿಗಿದ ಕೈ ಸುಳ್ಳುಗಾರ. ವರ್ಷಗಟ್ಟಲೆ ದುಡಿದವರ ಮಾತನ್ನು ಒಂದು ಬೆರಳೊತ್ತಿ ತಳ್ಳಿಹಾಕಿ, ಅವರ ದುಡಿಮೆಯನ್ನೇ ಅವರ ವಿರುದ್ಧ ಸಾಕ್ಷಿಯಾಗಿ ನಿಲ್ಲಿಸುವುದು ಯಾವ ನ್ಯಾಯ?

ಒಂದು ಪಕ್ಷ ಆ ರಾಕೆಟ್ ಅಲ್ಲಿಯೇ ಸುಸ್ತಾಗಿ ಬಿದ್ದಿತೆಂದೇ ಇಟ್ಟುಕೊಳ್ಳೋಣ. ಆಗಲೂ ಮನುಷ್ಯರು ಚಂದ್ರನ ಮೇಲೆ ಇಳಿದದ್ದಕ್ಕೂ ಅದಕ್ಕೂ ಏನು ಸಂಬಂಧ? ಗೋಫಾಸ್ಟ್‌ನ ಗರಿಷ್ಠ ವೇಗ ಸೆಕೆಂಡಿಗೆ ಸುಮಾರು 1.6 ಕಿಲೋಮೀಟರ್, ಚಂದ್ರನ ಕಡೆಗೆ ಹೊರಡಲು ಬೇಕಾದದ್ದು ಹತ್ತಿರ ಹತ್ತಿರ 11 ಕಿಲೋಮೀಟರ್. ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಪ್ರತಿ ಕಿಲೋಗ್ರಾಂ ಭಾರಕ್ಕೆ ಇದು ನಲವತ್ತು ಪಟ್ಟಿಗೂ ಮಿಕ್ಕಿದ ವ್ಯತ್ಯಾಸ. ಅದಕ್ಕೆಂದೇ ಸುಮಾರು 110 ಮೀಟರ್ ಎತ್ತರದ, ಮೂರು ಹಂತಗಳ ಸ್ಯಾಟರ್ನ್ 5 ರಾಕೆಟ್ಟನ್ನು ಕಟ್ಟಬೇಕಾಯಿತು. ಕೆರೆಯಲ್ಲಿ ತೆಪ್ಪ ನಿಂತುಹೋಯಿತೆಂದು ಸಮುದ್ರದಲ್ಲಿ ಹಡಗೇ ಓಡುವುದಿಲ್ಲವೆಂದು ವಾದಿಸಿದಂತಾಯಿತು ಇದು.

ಇಷ್ಟಾದ ಮೇಲೆ ಗಾಳಿಯಿಲ್ಲದ ಕಡೆ ರಾಕೆಟ್ ಯಾವುದನ್ನು ಒದ್ದು ಮುಂದಕ್ಕೆ ಹೋಗುತ್ತದೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ರಾಕೆಟ್ಟಿಗೆ ಒದೆಯಲು ಗಾಳಿ ಬೇಕೇ ಬೇಕೆನ್ನುವ ಇದೇ ತಪ್ಪನ್ನು 1920ರಲ್ಲಿ ಅಮೆರಿಕದ ರಾಕೆಟ್ ವಿಜ್ಞಾನಿ ಗಾಡರ್ಡ್ ಅವರನ್ನು ಗೇಲಿ ಮಾಡುತ್ತ ನ್ಯೂಯಾರ್ಕ್ ಟೈಮ್ಸ್ ಮಾಡಿತ್ತು. 1969ರಲ್ಲಿ ಮನುಷ್ಯರನ್ನು ಮೊದಲ ಸಲ ಚಂದ್ರನ ಮೇಲಿಳಿಸಿದ ಅಪೊಲೊ 11 ಹೊರಟ ಮರುದಿನ ಅದು ತಿದ್ದುಪಡಿ ಪ್ರಕಟಿಸಿತು. ತಪ್ಪು ಒಪ್ಪಿಕೊಳ್ಳಲು ಪತ್ರಿಕೆಗೆ ನಲವತ್ತೊಂಬತ್ತು ವರ್ಷ ಹಿಡಿಯಿತು ಎಂದರೆ ನನ್ನ ಸಹೋದ್ಯೋಗಿಗೆ ಇನ್ನೂ ಸಾಕಷ್ಟು ಕಾಲಾವಕಾಶವಿದೆ. ಚಂದ್ರನಿಂದ ತಂದ 382 ಕಿಲೋಗ್ರಾಂ ಕಲ್ಲುಮಣ್ಣು, ಅಲ್ಲಿಟ್ಟು ಬಂದ, ಇಂದಿಗೂ ಲೇಸರ್ ಕಿರಣವನ್ನು ಹಿಂದಕ್ಕೆ ಕಳುಹಿಸುವ ಪ್ರತಿಫಲಕಗಳು, ಅಪೊಲೊ 11 ಇಳಿದ ಜಾಗವನ್ನು 2021ರಲ್ಲಿ ಚಂದ್ರಯಾನ-2ರ ಕ್ಯಾಮೆರಾ ತೆಗೆದ ಚಿತ್ರ ಎಲ್ಲಕ್ಕೂ ಅವರದು ಒಂದೇ ಉತ್ತರ: "ಅವೆಲ್ಲ ಸರ್ಕಾರದವು."

ಸರಿ, ಸರ್ಕಾರದ್ದು ಬೇಡವೆಂದು ನಿನ್ನೆ ಇನ್ನೊಂದು ಹವ್ಯಾಸಿ ರಾಕೆಟ್ಟಿನ ಸಂಗತಿಯನ್ನು ಮುಂದಿಟ್ಟೆ. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 2024ರ ಅಕ್ಟೋಬರಿನಲ್ಲಿ ಅದೇ ಬ್ಲ್ಯಾಕ್ ರಾಕ್ ಮರುಭೂಮಿಯಿಂದ ಹಾರಿಸಿದ ರಾಕೆಟ್ ಸುಮಾರು 143 ಕಿಲೋಮೀಟರ್ ಎತ್ತರಕ್ಕೇರಿತು, ಅಂದರೆ ಗೋಫಾಸ್ಟ್ ಮುಟ್ಟಿದ ಎತ್ತರಕ್ಕಿಂತಲೂ ಇಪ್ಪತ್ತಾರು ಕಿಲೋಮೀಟರ್ ಮೇಲಕ್ಕೆ. ಅವರು ಅನ್ನ ಕಲೆಸುವುದನ್ನು ನಿಲ್ಲಿಸಿ ಕ್ಷಣಕಾಲ ಯೋಚಿಸಿದರು. ಗೆದ್ದೆನೆಂದು ನಾನು ಮೊದಲ ತುತ್ತನ್ನು ಬಾಯಿಗಿಡುವಷ್ಟರಲ್ಲಿ, "ಹಾಗಾದರೆ ತಡೆ ಇನ್ನೂ ಸ್ವಲ್ಪ ಮೇಲಿದೆ ಅಂತಾಯಿತು" ಎಂದು ಹೇಳಿ ವಿಡಿಯೊವನ್ನು ಮತ್ತೆ ಮೊದಲಿನಿಂದ ಓಡಿಸಿದರು.